ಬಿಟ್ಟು ಹೋದವನ ಬಗ್ಗೆ ಬಂದ ಫೋನು

ಗೋಕಾಕ

ಚಿರಂಜೀವಿ ತಮ್ಮಾ,



ರವಿವಾರ ರಾತ್ರಿ ನೀನು ಕೇಳಿದ ಮಾತಿಗೆ ಉತ್ತರ ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಅರ್ಧ ಹೇಳಿ ಅರ್ಧ ಬೈಯುತ್ತೇನೆ ಎಂದು ನಿನ್ನ ಅಪ್ಪ ಯಾವಾಗಲೂ ಹೇಳುತ್ತಾನೆ, ಅದು ಸುಳ್ಳೂ ಅಲ್ಲ.

ನಿನ್ನ ಮೂಡಲಗಿ ಶಾಖೆಯಲ್ಲಿ ಯಾದವಾಡ, ಕಲ್ಲೋಳಿ ಕಡೆ ಕಂತು ವಸೂಲಿ ಮಾಡುತ್ತಿದ್ದ ಹುಡುಗ ಕೆಲಸ ಬಿಟ್ಟು ಹುಕ್ಕೇರಿಯ ಬೇರೆ ಫೈನಾನ್ಸಿಗೆ ಅರ್ಜಿ ಹಾಕಿದ್ದಾನೆ. ಅಲ್ಲಿಯ ಮ್ಯಾನೇಜರು ನಿನಗೆ ಫೋನ್ ಮಾಡಿ, ‘ಅಂವ ಹೆಂಗ ಅದಾನ್ರೀ ಸರ? ತಗೋಬಹುದೇನ್ರಿ?’ ಎಂದು ಕೇಳಿದ್ದಾರೆ. ಇತ್ತ ನಿನ್ನ ಏರಿಯಾ ಮ್ಯಾನೇಜರು, ‘ಚೊಲೋ ಅಂತ ಹೇಳಬ್ಯಾಡ. ನಮ್ಮ ಸೆಂಟರಿನ ಹೆಣ್ಮಕ್ಕಳನ್ನೆಲ್ಲ ಅತ್ಲಾಗ ಎಳಕೊಂಡ ಹೋಗ್ತಾನ’ ಎಂದಿದ್ದಾರೆ. ಹುಡುಗನ ಲೆಕ್ಕದಲ್ಲಿ ಒಂದು ರೂಪಾಯಿ ಬಾಕಿ ಇಲ್ಲ ಎಂದು ನೀನೇ ಹೇಳಿದಿ. ಕೊನೆಗೆ, ‘ಸುಮ್ಮನ ಏನರೆ ಹೇಳಿ ಮುಗಿಸಿಬಿಡ್ಲೇನು ಕಾಕಾ?’ ಎಂದು ಕೇಳಿದಿ.

ಬೇಡ. ಏನಾದರೂ ಹೇಳಿ ಮುಗಿಸುವ ವಿಷಯವಲ್ಲ ಇದು. ಹುಕ್ಕೇರಿಯವರಿಗೆ ‘ನಾಳೆ ಹೇಳ್ತೀನ್ರಿ’ ಎಂದು ಫೋನ್ ಇಟ್ಟೆಯಲ್ಲ, ಅಷ್ಟರ ಮಟ್ಟಿಗೆ ಸರಿ ಮಾಡಿದಿ.

ಮೊದಲು ನಿನ್ನ ಏರಿಯಾ ಮ್ಯಾನೇಜರ ಮಾತನ್ನೇ ತೂಗಿ ನೋಡೋಣ. ಹುಡುಗ ಹೋಗುತ್ತಿರುವುದು ಹುಕ್ಕೇರಿ ಶಾಖೆಗೆ. ಅಲ್ಲಿ ಅವನಿಗೆ ಸಂಕೇಶ್ವರದ ಕಡೆ ಕೊಟ್ಟಾರು, ಯಮಕನಮರಡಿ ಕಡೆ ಕೊಟ್ಟಾರು. ಯಾದವಾಡದ ಹೆಣ್ಣುಮಕ್ಕಳು ಎರಡು ಬಸ್ಸು ಬದಲಿಸಿ ಸಂಕೇಶ್ವರಕ್ಕೆ ಹೋಗಿ ಸಾಲ ತರುತ್ತಾರೇನು? ಗಿರಾಕಿ ಹೋಗುತ್ತಾರೆಂಬ ಭಯ ಇಲ್ಲಿ ಬರೀ ನೆಪ. ಒಳಗಿನ ಮಾತು ಬೇರೆ ಇದೆ: ಬಿಟ್ಟು ಹೋಗುವವನಿಗೆ ಸುಖವಾಗಿ ಹೋಗಗೊಡಬಾರದು, ಉಳಿದವರಿಗೆ ಅದು ಪಾಠವಾಗಬೇಕು. ನಾನು ಸಕ್ಕರೆ ಕಾರ್ಖಾನೆಯೊಂದರ ಟೈಂ ಆಫೀಸಿನಲ್ಲಿ ಆಯುಷ್ಯ ಕಳೆದವನು. ಈ ಧಾಟಿ ನನಗೆ ಹೊಸದಲ್ಲ.

ಅಲ್ಲಿ ಕಂಡ ಒಂದು ಸಂಗತಿ ಹೇಳುತ್ತೇನೆ. ಕಾರ್ಖಾನೆಯ ಹೆಸರು ಬೇಡ. ಕಾಟಾದ ಮೇಲೆ ಒಬ್ಬ ಕ್ಲರ್ಕ್ ಇದ್ದ, ಹಂಗಾಮಿನ ಮಟ್ಟಿಗೆ ತೆಗೆದುಕೊಂಡವನು. ತೂಕದಲ್ಲಿ ಮೋಸ ಆಗುತ್ತದೆ ಎಂಬುದು ನಮ್ಮ ಕಬ್ಬು ಬೆಳೆಗಾರರ ಹಳೆಯ ದೂರು, ನಿನಗೂ ಗೊತ್ತಿದೆ. ಯಾವನೋ ರೈತ ‘ಇನ್ನೊಮ್ಮೆ ತೂಗ್ರಿ’ ಎಂದರೆ ಈ ಕ್ಲರ್ಕ್ ಇಲ್ಲ ಅನ್ನುತ್ತಿರಲಿಲ್ಲ, ಟ್ರ್ಯಾಕ್ಟರನ್ನು ಮತ್ತೆ ಕಾಟಾಕ್ಕೆ ಹತ್ತಿಸುತ್ತಿದ್ದ. ಹಿಂದೆ ಗಾಡಿಗಳ ಸಾಲು ಬೆಳೆಯುತ್ತಿತ್ತು, ಮೇಲಿನವರಿಗೆ ಸಿಟ್ಟು ಬರುತ್ತಿತ್ತು. ಹಂಗಾಮು ಮುಗಿದ ಮೇಲೆ ಅವನು ಬೇರೆ ಕಾರ್ಖಾನೆಗೆ ಅರ್ಜಿ ಹಾಕಿದ. ಅಲ್ಲಿಂದ ಫೋನ್ ಬಂತು. ನಮ್ಮ ಸಾಹೇಬರು ಹೇಳಿದ್ದು ಇಷ್ಟೇ: ‘ಕೆಲಸಕ್ಕೇನ ಅಡ್ಡಿಯಿಲ್ರಿ, ಖರೆ ಸ್ವಲ್ಪ ಕಿರಿಕಿರಿ ಮನಷ್ಯಾ.’ ಪಕ್ಕದ ಟೇಬಲ್ಲಿನಲ್ಲಿ ನಾನು ಹಾಜರಿ ಪುಸ್ತಕ ತಿದ್ದುತ್ತಿದ್ದೆ. ಸಾಹೇಬರು ಫೋನ್ ಇಟ್ಟು ಚಹಾ ತರಿಸಿದರು.

ಆ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಸಿಗಲಿಲ್ಲ. ಆಮೇಲೆ ಮತ್ತೊಂದರಲ್ಲೂ ಸಿಗಲಿಲ್ಲ, ಯಾಕೆಂದರೆ ಆ ಎರಡು ಕಾರ್ಖಾನೆಯವರೂ ಪರಸ್ಪರ ಬಲ್ಲವರು. ಅವನು ಊರಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡ. ಎಷ್ಟೋ ವರ್ಷದ ಮೇಲೆ ಗೋಕಾಕದ ಸಂತೆಯಲ್ಲಿ ಸಿಕ್ಕಾಗ, ‘ನನ್ನ ದೈವದಾಗ ನೌಕರಿ ಇರಲಿಲ್ರಿ’ ಎಂದ. ದೈವಕ್ಕೂ ಅದಕ್ಕೂ ಏನೂ ಸಂಬಂಧವಿರಲಿಲ್ಲ. ಅವನನ್ನು ಕಿರಿಕಿರಿ ಎಂದವರು ಯಾರು, ಯಾಕೆ, ಯಾವ ಆಧಾರದ ಮೇಲೆ ಎಂದು ಅವನು ಕೇಳುವಂತಿರಲಿಲ್ಲ, ಯಾಕೆಂದರೆ ಹಾಗೊಂದು ಮಾತು ನಡೆದದ್ದೇ ಅವನಿಗೆ ಗೊತ್ತಿರಲಿಲ್ಲ. ‘ಕಳ್ಳ’ ಎಂದು ಎದುರಿಗೇ ಅಂದಿದ್ದರೆ ಜಗಳ ತೆಗೆದಾದರೂ ತನ್ನ ಮಾನ ಉಳಿಸಿಕೊಳ್ಳುತ್ತಿದ್ದ.

ನಿಮ್ಮ ಮೂಡಲಗಿಯ ದನದ ಪೇಟೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾಡುತ್ತಾರಲ್ಲ, ಮಾಲೀಕರ ನಡುವಿನ ಈ ಫೋನುಗಳೂ ಹಾಗೇ. ಎತ್ತಿಗೆ ತನ್ನ ದರ ತಿಳಿಯಬೇಕಾಗಿಲ್ಲ. ದುಡಿಯುವ ಮನುಷ್ಯನಿಗೆ ತಿಳಿಯಬೇಕು.

ಇದು ನಮ್ಮ ಕಡೆಯ ಚಾಳಿ ಮಾತ್ರ ಅಂದುಕೊಳ್ಳಬೇಡ. ಇಂಗ್ಲೆಂಡಿನಲ್ಲಿ ‘ಕನ್ಸಲ್ಟಿಂಗ್ ಅಸೋಸಿಯೇಷನ್’ ಎಂಬ ಮರ್ಯಾದಸ್ತ ಹೆಸರಿನ ಒಂದು ಸಣ್ಣ ಆಫೀಸು ಇತ್ತು. ಕಟ್ಟಡ ಕಟ್ಟುವ ನಲವತ್ತಕ್ಕೂ ಹೆಚ್ಚು ಕಂಪನಿಗಳು ಅದಕ್ಕೆ ದುಡ್ಡು ಕೊಡುತ್ತಿದ್ದವು. ಕೆಲಸ ಕೇಳಿ ಬಂದವನ ಹೆಸರನ್ನು ಅಲ್ಲಿಗೆ ತಿಳಿಸಿದರೆ ಸಾಕು, ಇವನು ಯೂನಿಯನ್ನಿನವನೋ, ಸುರಕ್ಷತೆಯ ಬಗ್ಗೆ ದೂರು ಕೊಟ್ಟವನೋ ಎಂದು ಕಾರ್ಡು ತೆಗೆದು ಓದಿ ಹೇಳುತ್ತಿದ್ದರು. 2009ರಲ್ಲಿ ಅಲ್ಲಿಯ ಮಾಹಿತಿ ಆಯುಕ್ತರ ಕಚೇರಿ ದಾಳಿ ಮಾಡಿದಾಗ 3,213 ಜನರ ಹೆಸರು ಸಿಕ್ಕಿದವು. ಗೌಂಡಿಗಳು, ಬಡಗಿಗಳು, ವೈರಿಂಗ್ ಮಾಡುವವರು. ಅವರಲ್ಲಿ ಎಷ್ಟೋ ಜನ ತಮಗೆ ಕೆಲಸ ಯಾಕೆ ಸಿಗುತ್ತಿಲ್ಲ ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡವರು, ಮನೆ ಮುರಿದುಕೊಂಡವರು. 2010ರಲ್ಲಿ ಅಲ್ಲಿ ಇಂಥ ಪಟ್ಟಿಗಳ ವಿರುದ್ಧ ನಿಯಮ ಬಂತು, 2016ರಲ್ಲಿ ದೊಡ್ಡ ಕಂಪನಿಗಳು ಕ್ಷಮೆ ಕೇಳಿ ಪರಿಹಾರ ಕೊಟ್ಟವು. ಕಾರ್ಡಿನಲ್ಲಿ ಬರೆದ ಸುಳ್ಳಿಗಾದರೂ ಸಾಕ್ಷಿ ಉಳಿಯಿತು. ನಮ್ಮ ಸಾಹೇಬರು ಫೋನಿನಲ್ಲಿ ಅಂದ ಆ ಒಂದು ಮಾತಿಗೆ ನಾನೊಬ್ಬನೇ ಸಾಕ್ಷಿ.

ನೀವು ಮ್ಯಾನೇಜರುಗಳೆಲ್ಲ ಸೇರಿ ಮಾಡಿಕೊಂಡ ವಾಟ್ಸ್ಆ್ಯಪ್ ಗ್ರೂಪ್ ಇದೆಯಲ್ಲ, ಹೋದ ದೀಪಾವಳಿಗೆ ಬಂದಾಗ ತೋರಿಸಿದ್ದಿ. ಒಬ್ಬ ಹುಡುಗನ ಫೋಟೋ, ಕೆಳಗೆ ‘ಇವನನ್ನು ಯಾರೂ ತೆಗೆದುಕೊಳ್ಳಬೇಡಿ’ ಎಂದು ಒಂದೇ ಸಾಲು. ಯಾಕೆ ಎಂದು ಬರೆದಿರಲಿಲ್ಲ. ಕೆಳಗೆ ಹೆಬ್ಬೆರಳಿನ ಗುರುತುಗಳ ಸಾಲು. ಇಂಗ್ಲೆಂಡಿನ ಆ ಆಫೀಸಿನವರು ಕಾರ್ಡಿಗೆ, ಪೆಟ್ಟಿಗೆಗೆ, ಬಾಡಿಗೆಗೆ ಖರ್ಚು ಮಾಡಿದರು. ನಿಮಗೆ ಪುಕ್ಕಟೆ ಸಿಕ್ಕಿದೆ.

ಹಾಗಂತ ಬಾಯಿ ಹೊಲಿದುಕೊಂಡು ಕೂಡ್ರು ಎಂದು ನಾನು ಹೇಳುತ್ತಿಲ್ಲ. ಸುಮ್ಮನಿರುವುದೂ ಕೆಲವೊಮ್ಮೆ ಕೊಲೆಗೆ ಸಮ. ನಾನು ಮಾತು ದೊಡ್ಡದು ಮಾಡುತ್ತಿಲ್ಲ. ಅಮೆರಿಕದಲ್ಲಿ ಚಾರ್ಲ್ಸ್ ಕಲನ್ ಎಂಬ ನರ್ಸ್ ಇದ್ದ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ರಾಜ್ಯಗಳ ಆಸ್ಪತ್ರೆಯಿಂದ ಆಸ್ಪತ್ರೆಗೆ ಹದಿನಾರು ವರ್ಷ ದಾಟುತ್ತ, ರೋಗಿಗಳಿಗೆ ಔಷಧ ಹೆಚ್ಚು ಕೊಟ್ಟು ಕೊಲ್ಲುತ್ತ ಬಂದ. ಕೆಲವು ಕಡೆ ಸಂಶಯ ಬಂದಿತ್ತು. ಸಂಶಯ ಬಂದವರು ಮಾಡಿದ್ದೇನು? ಅವನನ್ನು ಹೊರಗೆ ಕಳಿಸಿದರು, ಮುಂದಿನ ಆಸ್ಪತ್ರೆಯವರು ಕೇಳಿದರೆ ಇಂಥ ದಿನದಿಂದ ಇಂಥ ದಿನದವರೆಗೆ ಇಲ್ಲಿದ್ದ ಎಂದಷ್ಟೇ ಹೇಳಿದರು. ಕೋರ್ಟಿನ ಗೊಡವೆ ಬೇಡವೆಂಬ ಜಾಣತನ. 2003ರ ಡಿಸೆಂಬರಿನಲ್ಲಿ ಅವನು ಸಿಕ್ಕಿಬಿದ್ದ ಮೇಲೆ ಎಚ್ಚರವಾದ ನ್ಯೂಜೆರ್ಸಿ, 2005ರಲ್ಲಿ ಕಾನೂನು ಮಾಡಿ, ರೋಗಿಗಳಿಗೆ ಅಪಾಯ ತರುವ ನಡತೆಯನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದಿತು.

ನಿನ್ನ ಧಂದೆಯಲ್ಲಿ ಔಷಧ ಕೊಟ್ಟು ಕೊಲ್ಲುವವರಿಲ್ಲ. ಆದರೆ ಸೆಂಟರ್ ಮೀಟಿಂಗಿನಲ್ಲಿ ಕಂತು ಇಸಕೊಂಡು ಪುಸ್ತಕದಲ್ಲಿ ಬರೆದು ಕಂಪನಿಗೆ ಕಟ್ಟದೆ ನುಂಗುವವರಿದ್ದಾರೆ. ಓದು ಬಾರದ ಹೆಣ್ಣುಮಗಳ ಆಧಾರ್ ಕಾರ್ಡು, ಹೆಬ್ಬೆಟ್ಟು ತೆಗೆದುಕೊಂಡು ಅವಳ ಹೆಸರಿನಲ್ಲಿ ಇನ್ನೊಂದು ಸಾಲ ಎತ್ತುವವರಿದ್ದಾರೆ. ರಾತ್ರಿ ಹೊತ್ತಿಗೆ ಬಾಗಿಲಿಗೆ ಹೋಗಿ, ಗಂಡ ಇಲ್ಲದ ಹೊತ್ತು ನೋಡಿ ಅನಬಾರದ್ದು ಅನ್ನುವವರಿದ್ದಾರೆ. ಅಂಥವನು ಮೂಡಲಗಿ ಬಿಟ್ಟು ಹುಕ್ಕೇರಿಗೆ ಹೋದರೆ, ನೀನು ‘ಒಳ್ಳೆ ಹುಡುಗ್ರಿ’ ಎಂದು ಸಾಗಹಾಕಿದರೆ, ನಾಳೆ ಸಂಕೇಶ್ವರದಲ್ಲಿ ಒಬ್ಬಳು ತಾಳಿ ಒತ್ತೆಯಿಡುತ್ತಾಳೆ. 2025ರ ಮೊದಲಿಗೆ ನಮ್ಮ ಜಿಲ್ಲೆಯಲ್ಲೂ ಹೊರಗೂ ಮೈಕ್ರೋಫೈನಾನ್ಸಿನ ಕಾಟ ಎಷ್ಟು ಹೆಚ್ಚಿತ್ತೆಂದರೆ, ಸರ್ಕಾರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಅದಕ್ಕೂ ಮೊದಲೇ, 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು ನಿಮ್ಮಂಥವರಿಗೆ ಕೊಟ್ಟ ನಿರ್ದೇಶನದಲ್ಲಿ, ವಸೂಲಿಗೆ ಹಚ್ಚುವ ಏಜೆನ್ಸಿಗಳ ಜನರ ಪೂರ್ವಾಪರ ನೋಡಬೇಕು, ಪೊಲೀಸ್ ಪರಿಶೀಲನೆಯೂ ಆಗಬೇಕು ಎಂದು ಬರೆದಿತ್ತು. ಬಡವರ ಮನೆ ಬಾಗಿಲಿಗೆ ಕಳಿಸುವ ಮನುಷ್ಯನ ಹಿಂದುಮುಂದು ಕೇಳುವುದು ತಪ್ಪಲ್ಲ. ಹುಕ್ಕೇರಿಯವರು ಕೇಳಿದ್ದು ತಪ್ಪಲ್ಲ. ಅವರು ಕೇಳದಿದ್ದರೆ ತಪ್ಪಾಗುತ್ತಿತ್ತು.

ಸುಮ್ಮನಿದ್ದರೂ ಕೇಡು, ಹೇಳಿದರೂ ಕೇಡು ಎಂದು ತಲೆ ಮೇಲೆ ಕೈ ಹೊತ್ತುಕೊಳ್ಳಬೇಡ. ನನ್ನ ಮಟ್ಟಿಗೆ ದಾರಿ ಒಂದೇ: ಯಾವುದನ್ನು ಕಾಗದದ ಮೇಲೆ ಬರೆದು, ಸಹಿ ಮಾಡಿ, ಆ ಹುಡುಗನ ಕೈಗೂ ಒಂದು ಪ್ರತಿ ಕೊಡಬಲ್ಲೆಯೋ ಅದನ್ನು ಹೇಳು. ಅವನಿಗೆ ತೋರಿಸಲಾರದ್ದನ್ನು ಹುಕ್ಕೇರಿಗೂ ಹೇಳಬೇಡ. ಕಂತು ನುಂಗಿದ್ದಾನೆಯೇ? ವಿಚಾರಣೆ ಆಗಿದೆಯೇ, ಅವನ ಉತ್ತರ ಕೇಳಿದ್ದೀರೇ, ಕಡತ ಇದೆಯೇ? ಇದ್ದರೆ ಧೈರ್ಯವಾಗಿ ಬರೆ. ಬರೀ ಅನುಮಾನ ಇದ್ದರೆ ಅನುಮಾನವನ್ನು ವಿಚಾರಣೆಗೆ ಹಾಕು, ಫೋನಿಗೆ ಹಾಕಬೇಡ.

ನಿನ್ನ ಧಂದೆಯವರೇ ಮಾಡಿಕೊಂಡ ನೀತಿ ಸಂಹಿತೆಯಲ್ಲಿ ಇದರ ಹೆಚ್ಚಿನ ಭಾಗ ಇದೆ, ಓದಿಲ್ಲವೇ ಮಾರಾಯಾ? ಎಂಫಿನ್, ಸಾ-ಧನ್ ಎಂಬ ಎರಡು ಸಂಘಟನೆಗಳು ಸೇರಿ ಬರೆದದ್ದು. ಇನ್ನೊಂದು ಸಂಸ್ಥೆಯ ಸಿಬ್ಬಂದಿಯನ್ನು ತೆಗೆದುಕೊಳ್ಳುವಾಗ ಹಿಂದಿನವರನ್ನು ವಿಚಾರಿಸಲೇಬೇಕು, ಕೇಳಿಸಿಕೊಂಡವರು ಎರಡು ವಾರದೊಳಗೆ ಉತ್ತರ ಕೊಡಬೇಕು ಎಂದು ಅದರಲ್ಲಿದೆ. ಹಾಗೆ ಬಂದವನನ್ನು ಅವನು ಮೊದಲು ಕೆಲಸ ಮಾಡಿದ ಪ್ರದೇಶಕ್ಕೇ ಒಂದು ವರ್ಷ ಹಾಕಬಾರದು ಎಂದೂ ಇದೆ. ಗಿರಾಕಿಗಳನ್ನು ಎಳೆದುಕೊಂಡು ಹೋಗುತ್ತಾನೆಂಬ ಭಯಕ್ಕೆ ಮದ್ದು ಅಲ್ಲೇ ಇದೆ. ಆ ಮದ್ದು ಬಿಟ್ಟು ಹುಡುಗನ ಹೆಸರಿಗೆ ಮಸಿ ಬಳಿಯಬೇಕು ಎನ್ನುವವರ ಹೊಟ್ಟೆಯಲ್ಲಿ ಬೇರೇನೋ ಇದೆ ಎಂದೇ ಅರ್ಥ.

ಎಂಫಿನ್‌ನವರು ಈಕ್ವಿಫ್ಯಾಕ್ಸ್ ಎಂಬ ಸಾಲದ ಮಾಹಿತಿ ಕಂಪನಿಯ ಜೊತೆ ಸೇರಿ ಸಿಬ್ಬಂದಿಯ ಮಾಹಿತಿ ಕೂಡಿಡುವ ಒಂದು ವ್ಯವಸ್ಥೆಯನ್ನೂ ಮಾಡಿದ್ದಾರೆ. ಸಾಲ ತೆಗೆದುಕೊಂಡವರ ಚರಿತ್ರೆ ಇಡುವ ಹಾಗೆ ಸಾಲ ಕೊಡಿಸುವ ಹುಡುಗರ ಚರಿತ್ರೆ. ಮೋಸಗಾರ ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಜಿಗಿಯುವುದನ್ನು ತಡೆಯಲು ಅದು ಬೇಕಾಗಿರಬಹುದು. ಆದರೆ ಒಂದು ವ್ಯತ್ಯಾಸ ನೋಡು. ಕಲ್ಲೋಳಿಯ ಹೆಣ್ಣುಮಗಳು ತನ್ನ ಸಾಲದ ವರದಿಯನ್ನು ವರ್ಷಕ್ಕೊಮ್ಮೆ ಪುಕ್ಕಟೆ ತರಿಸಿಕೊಂಡು ನೋಡಬಹುದು. ಅದರಲ್ಲಿ ತಪ್ಪಿದ್ದರೆ ತಿದ್ದಿ ಎನ್ನಬಹುದು. 30 ದಿನದೊಳಗೆ ತಿದ್ದದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಹೇಳಿದೆ. ಅವಳ ಕಂತು ಎಣಿಸಿಕೊಳ್ಳುತ್ತಿದ್ದ ಹುಡುಗನ ಬಗ್ಗೆ ನೀನು ಫೋನಿನಲ್ಲಿ ಏನಂದಿ ಎಂದು ನೋಡಲು ಅವನಿಗೆ ಇಂಥ ಯಾವ ಕಿಟಕಿಯೂ ಇಲ್ಲ.

ಕಾನೂನು ಎಲ್ಲಿಯವರೆಗೆ ಕೈ ಹಿಡಿಯುತ್ತದೆ ಎಂದು ಕೇಳುತ್ತಿ. ಸ್ವಲ್ಪ ದೂರ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ತಮ್ಮ ಎಂಬತ್ತಾರರ ಆಸುಪಾಸಿನಲ್ಲಿ. (ನನಗೆ ಮಂಡಿನೋವೆಂದು ಬ್ಯಾಂಕಿಗೆ ಹೋಗಲು ಬೇಸರ.) ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಬ್ಬರ ಮಾಹಿತಿ ಬಳಸಲು ಅವರ ಒಪ್ಪಿಗೆ ಬೇಕು ಎನ್ನುತ್ತದೆ. ಆದರೆ ಉದ್ಯೋಗದ ಕಾರಣಕ್ಕೆ, ಮಾಲೀಕನನ್ನು ನಷ್ಟದಿಂದ ಕಾಪಾಡುವ ಕಾರಣಕ್ಕೆ ಎಂದರೆ ಒಪ್ಪಿಗೆಯಿಲ್ಲದೆಯೂ ಬಳಸಬಹುದು ಎಂದು 7ನೇ ಕಲಮಿನಲ್ಲಿ ಬಾಗಿಲು ಬಿಟ್ಟಿದೆ. ಆ ಬಾಗಿಲಿನಲ್ಲಿ ಎತ್ತಿನಗಾಡಿ ಹಾಯಬಹುದು. ಅದಕ್ಕೇ ಹೇಳುವುದು, ಕಾಯ್ದೆ ಬಿಟ್ಟುಕೊಟ್ಟಿತು ಎಂದು ನೀನು ಬಿಟ್ಟುಕೊಡಬೇಡ.

ಮಾನಹಾನಿಯ ಕಾನೂನು ಈ ವಿಷಯದಲ್ಲಿ ಇನ್ನೂ ಬುದ್ಧಿವಂತಿಕೆಯದು. ಹಳೆಯ ದಂಡಸಂಹಿತೆಯ 499, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 356. ತನ್ನ ಅಥವಾ ಇನ್ನೊಬ್ಬರ ಹಿತ ಕಾಪಾಡಲು ಸದ್ಭಾವನೆಯಿಂದ ಒಬ್ಬನ ಬಗ್ಗೆ ಎಚ್ಚರಿಕೆ ಹೇಳಿದರೆ ಅಪರಾಧವಲ್ಲ. ಅದಕ್ಕೆ ಕೊಟ್ಟ ಉದಾಹರಣೆಯಲ್ಲಿ ಒಬ್ಬ ಅಂಗಡಿಕಾರ ತನ್ನ ವ್ಯವಹಾರ ನೋಡುವವನಿಗೆ, ಇಂಥವನಿಗೆ ಉದ್ದರಿ ಕೊಡಬೇಡ ಎನ್ನುತ್ತಾನೆ. ನಿನಗೆ ಬೇಕಾದ ರಕ್ಷಣೆ ಅಲ್ಲಿದೆ. ಆದರೆ ಸದ್ಭಾವನೆ ಎಂದರೆ ಕಾನೂನಿನ ಲೆಕ್ಕದಲ್ಲಿ ಒಳ್ಳೆಯ ಮನಸ್ಸು ಇದ್ದರೆ ಸಾಲದು, ತಕ್ಕ ಎಚ್ಚರಿಕೆ ವಹಿಸಿ ವಿಚಾರಿಸಿರಬೇಕು. ವಿಚಾರಣೆ ಮಾಡದೆ ‘ಮಂದಿ ಹಂಗಂತಾರ್ರಿ’ ಎಂದವನಿಗೆ ಅದು ಕೊಡೆ ಹಿಡಿಯುವುದಿಲ್ಲ.

ನಮ್ಮ ಸೀಮೆಯ ಕಬ್ಬಿನ ಗ್ಯಾಂಗುಗಳ ಸಂಗತಿಯನ್ನೂ ಹೇಳಬೇಕು, ಯಾಕೆಂದರೆ ಈ ಪಟ್ಟಿ ಮಾಡುವ ಚಟ ನಮ್ಮಲ್ಲಿ ಕಂಪ್ಯೂಟರಿನಿಂದ ಹುಟ್ಟಿದ್ದಲ್ಲ. ಬೀಡ ಕಡೆಯಿಂದ, ವಿಜಯಪುರದ ಕಡೆಯಿಂದ ಗಂಡಹೆಂಡಿರು ಕೋಯ್ತಾ ಹಿಡಿದು ಬರುತ್ತಾರೆ. ಗ್ಯಾಂಗು ತರುವ ಮುಕಾದಮ ಮೊದಲೇ ಅಡ್ವಾನ್ಸ್ ಕೊಟ್ಟಿರುತ್ತಾನೆ. ಹಂಗಾಮು ಮುಗಿದರೂ ಅಡ್ವಾನ್ಸ್ ಹರಿಯದಿದ್ದರೆ, ಈ ಜೋಡಿ ನಮ್ಮ ದುಡ್ಡು ಮುಳುಗಿಸಿದೆ ಎಂದು ಹೆಸರು ಕಾರ್ಖಾನೆಯಿಂದ ಕಾರ್ಖಾನೆಗೆ, ಮುಕಾದಮನಿಂದ ಮುಕಾದಮನಿಗೆ ಹೋಗುತ್ತದೆ. ಅಡ್ವಾನ್ಸ್ ಎತ್ತಿ ಓಡಿಹೋದ ಗ್ಯಾಂಗುಗಳೂ ಇವೆ, ಅಡ್ವಾನ್ಸಿಗೆ ದುಡ್ಡು ಹಾಕಿದ ಟ್ರ್ಯಾಕ್ಟರ್ ಮಾಲೀಕರು ಅದರಿಂದ ಹೊಲ ಮಾರಿದ್ದನ್ನೂ ಕಂಡಿದ್ದೇನೆ. ಅವರ ಸಂಕಟ ಸುಳ್ಳಲ್ಲ. ಆದರೂ 1976ರ ಜೀತ ಪದ್ಧತಿ ರದ್ದಿಯಾತಿ ಕಾಯ್ದೆಯನ್ನು ತೆಗೆದು ನೋಡು. ಮುಂಗಡ ಪಡೆದದ್ದಕ್ಕಾಗಿ ಬೇರೆ ಕಡೆ ದುಡಿಯುವ ಸ್ವಾತಂತ್ರ್ಯ ಕಳೆದುಕೊಳ್ಳುವುದೂ ಜೀತದ ವ್ಯಾಖ್ಯೆಯೊಳಗೇ ಬರುತ್ತದೆ. ದುಡ್ಡು ವಸೂಲಿಗೆ ಕೋರ್ಟಿದೆ. ಇನ್ನೊಬ್ಬರ ಹೊಲದಲ್ಲಿ ಕಬ್ಬು ಕಡಿಯದಂತೆ ಹೆಸರು ಹಂಚುವುದು ವಸೂಲಿಯಲ್ಲ.

ಓದಿದವರ ಲೋಕದಲ್ಲಿ ಇದೇ ಆಟ ಶರ್ಟು ಹಾಕಿಕೊಂಡು ನಡೆಯುತ್ತದೆ. ಬೆಂಗಳೂರಿನಲ್ಲಿರುವ ನಿನ್ನ ಅಕ್ಕನನ್ನು ಕೇಳು. ಐಟಿ ಕಂಪನಿಗಳು ತಮ್ಮ ಸಂಘಟನೆಯಾದ ನ್ಯಾಸ್‌ಕಾಂ ಮೂಲಕ 2006ರಲ್ಲೇ ನೌಕರರ ಪರಿಶೀಲಿತ ಮಾಹಿತಿ ಕೋಶ ಶುರು ಮಾಡಿದವು. ಅಲ್ಲಿ ಹೆಸರು ನೋಂದಾಯಿಸುವವನು ತಾನೇ, ತನ್ನ ಮಾಹಿತಿ ತಾನೇ ನೋಡಬಲ್ಲ, ಆ ಮಟ್ಟಿಗೆ ಅದು ನೆಟ್ಟಗಿದೆ. 2022ರಲ್ಲಿ ವಿಪ್ರೋ ಎರಡು ಕಡೆ ದುಡಿಯುತ್ತಿದ್ದರೆಂದು 300 ಜನರನ್ನು ತೆಗೆದದ್ದು, ಅದೇ ವರ್ಷ ಇನ್ಫೋಸಿಸ್ ಬಿಟ್ಟವರು ಆರು ತಿಂಗಳು ಇಂಥಿಂಥ ಕಂಪನಿಗಳಲ್ಲಿ ಅದೇ ಗಿರಾಕಿಯ ಕೆಲಸ ಮಾಡಬಾರದೆಂಬ ಷರತ್ತಿನ ಗದ್ದಲ, ಎರಡೂ ನಿನಗೆ ನೆನಪಿರಬೇಕು. ಅಲ್ಲಿಯ ಜನರಿಗೆ ವಕೀಲರಿದ್ದಾರೆ, ಪತ್ರಿಕೆಗಳಿವೆ. ಯಾದವಾಡದಲ್ಲಿ ಬೈಕಿನ ಮೇಲೆ ತಿರುಗಿ ಕಂತು ಎತ್ತುತ್ತಿದ್ದ ಹುಡುಗನಿಗೆ ಇರುವುದು ನೀನು ಬರೆಯುವ ನಾಲ್ಕು ಸಾಲು.

ಬರೆದ ಸಾಲಿನಲ್ಲೂ ಮೋಸ ಇರಬಹುದು. ಜರ್ಮನಿಯಲ್ಲಿ ಮಾಲೀಕರು ಕೆಲಸ ಬಿಟ್ಟವನಿಗೆ ಕೊಡುವ ಪ್ರಮಾಣಪತ್ರದಲ್ಲಿ ಹೊಗಳಿಕೆಯ ಮಾತಿನಲ್ಲೇ ತೆಗಳುವ ಗುಪ್ತ ಭಾಷೆ ಬೆಳೆಸಿದರು. ಇಂಥವನು ಸದಾ ಪ್ರಯತ್ನಪಟ್ಟ ಎಂದು ಬರೆದರೆ, ಕೈಲಾಗದವನು ಎಂದು ಬಲ್ಲವರು ಓದಿಕೊಳ್ಳುತ್ತಾರೆ. ಆ ದೇಶದ ಕಾನೂನು, ಪತ್ರ ಸ್ಪಷ್ಟವಾಗಿರಬೇಕು, ಮೇಲೊಂದು ಒಳಗೊಂದು ಇರಬಾರದು ಎಂದು ತಾಕೀತು ಮಾಡಿದೆ. ನಮ್ಮವರು ಇನ್ನೂ ಜಾಣರು, ಬರೆಯುವುದೇ ಇಲ್ಲ. ‘ಹುಡುಗ ಚೊಲೋ ಅದಾನ್ರಿ...’ ಎಂದು ಒಂದು ಉಸಿರು ಎಳೆದು ಸುಮ್ಮನಾಗುತ್ತಾರೆ. ಆ ಉಸಿರಿನ ಮೇಲೆ ಯಾರೂ ಕೇಸು ಹಾಕಲಾರರು. ನೀನು ಅಂಥ ಉಸಿರು ಎಳೆದೆ ಎಂದು ಕೇಳಿದರೆ ನನಗೆ ನಾಚಿಕೆಯಾಗುತ್ತದೆ.

ಇನ್ನು ನಮ್ಮ ಕಡೆಯ ಇನ್ನೊಂದು ರೋಗ. ‘ಯಾವ ಊರಾಂವ, ಯಾರ ಮಗ, ಯಾವ ಮಂದಿ’ ಎಂದು ಶುರುವಾಗುವ ವಿಚಾರಣೆ. ಹುಕ್ಕೇರಿಯವರು ಜಾತಿ ಕೇಳಿದರೆ ನಿನಗೆ ಗೊತ್ತಿದ್ದರೂ ಹೇಳಬೇಡ. ಮದುವೆ ಮುರಿದದ್ದು, ಅವ್ವನಿಗೆ ಕಾಯಿಲೆಯೆಂದು ರಜೆ ಹಾಕಿದ್ದು, ಯಾರನ್ನು ಪ್ರೀತಿಸುತ್ತಾನೆ, ಯಾವ ಪಕ್ಷದ ಬಾವುಟ ಹಿಡಿದ, ಸಂಬಳ ಹೆಚ್ಚಿಸಿ ಎಂದು ಯಾರ ಜೊತೆ ಕೂಡಿ ಅರ್ಜಿ ಕೊಟ್ಟ, ಇವು ನಿನ್ನ ಶಾಖೆಯ ಆಸ್ತಿಯಲ್ಲ. ಹೆಣ್ಣುಮಗಳಾಗಿದ್ದರೆ ಹೆರಿಗೆ ರಜೆಯ ಮಾತು ಎತ್ತಲೇಬಾರದು. ಕೆಲಸಕ್ಕಿದ್ದಾಗ ನಿನ್ನ ಕಣ್ಣಿಗೆ ಬಿದ್ದವು ಎಂದ ಮಾತ್ರಕ್ಕೆ, ಕೆಲಸ ಬಿಟ್ಟ ಮೇಲೆ ಹಂಚುವ ಹಕ್ಕು ನಿನಗೆ ಬರಲಿಲ್ಲ.

ನನ್ನ ಕಾಲದಲ್ಲಿ, ಕಾರ್ಖಾನೆಗಳಿಗೆ 1946ರ ಸ್ಥಾಯಿ ಆದೇಶಗಳ ಕಾಯ್ದೆ ಇತ್ತು. ಅದರ ಮಾದರಿ ನಿಯಮಗಳಲ್ಲಿ, ಕೆಲಸದಿಂದ ತೆಗೆದುಹಾಕಿದ ಕಾಯಂ ಕಾರ್ಮಿಕನಿಗೂ ಸೇವಾ ಪ್ರಮಾಣಪತ್ರ ಕೇಳುವ ಹಕ್ಕು ಇತ್ತು. ಟೈಂ ಆಫೀಸಿನಲ್ಲಿ ಅದನ್ನು ಬರೆಯುವ ಕೆಲಸ ನನ್ನದು. ತೆಗೆದುಹಾಕಿದವನಿಗೆ ಯಾಕೆ ಪತ್ರ ಎಂದು ಹೊಸದಾಗಿ ಬಂದ ಅಧಿಕಾರಿಗಳು ಗೊಣಗುತ್ತಿದ್ದರು. ದುಡಿದ ದಿನಗಳು ದುಡಿದವನ ಸ್ವತ್ತು, ಸಾಹೇಬರಿಗೆ ಸಿಟ್ಟು ಬಂತು ಎಂದು ಅವು ಇಲ್ಲವಾಗುವುದಿಲ್ಲ. ನೀವು ಈಗ ಮಾಡುತ್ತಿರುವುದು ಆ ಗೊಣಗಾಟಕ್ಕಿಂತ ಕೀಳು. ಕೆಲಸಕ್ಕೆ ಸೇರುವಾಗ ಹುಡುಗರ ಅಸಲು ಮಾರ್ಕ್ಸ್ ಕಾರ್ಡು ಇಸಕೊಂಡು ಬೀಗ ಹಾಕುತ್ತೀರಿ, ಬಿಡುವಾಗ ರಿಲೀವಿಂಗ್ ಲೆಟರಿಗೆ ತಿಂಗಳುಗಟ್ಟಲೆ ಅಲೆಸುತ್ತೀರಿ. ಈ ಹುಡುಗನ ಕಾರ್ಡು ನಿನ್ನ ಕಪಾಟಿನಲ್ಲಿದೆಯೋ ಇಲ್ಲವೋ ನೀನು ಹೇಳಲಿಲ್ಲ, ನಾನು ಕೇಳುತ್ತಿದ್ದೇನೆ. ಇದ್ದರೆ ಈ ಪತ್ರ ಓದಿ ಮುಗಿಸುವ ಮೊದಲು ಅವನಿಗೆ ಫೋನ್ ಮಾಡಿ ಕರೆ.

ಹುಕ್ಕೇರಿಗೆ ಏನು ಬರೆಯಬೇಕೆಂದರೆ: ಯಾವ ದಿನ ಸೇರಿದ, ಯಾವ ದಿನ ಬಿಟ್ಟ, ಏನು ಕೆಲಸ ಮಾಡಿದ, ನೋಟಿಸ್ ಕೊಟ್ಟು ಬಿಟ್ಟನೋ ಇಲ್ಲವೋ, ಕಂಪನಿಯ ಹಣ, ಸಾಮಾನು ಒಪ್ಪಿಸಿದ್ದಾನೋ, ಅವನ ಮೇಲೆ ವಿಚಾರಣೆ ಏನಾದರೂ ನಡೆದಿದೆಯೋ, ನಡೆದಿದ್ದರೆ ಏನಾಯಿತು. ಇವನ ವಿಷಯದಲ್ಲಿ ಬಾಕಿ ಇಲ್ಲ, ವಿಚಾರಣೆ ಇಲ್ಲ ಎಂದು ಬರೆದರೆ ಸಾಕು. ಯಾದವಾಡ, ಕಲ್ಲೋಳಿ ಕಡೆ ದುಡಿದಿದ್ದಾನೆ, ಸಂಹಿತೆಯ ಪ್ರಕಾರ ಒಂದು ವರ್ಷ ಆ ಕಡೆಗೆ ಹಾಕಬೇಡಿ ಎಂದೂ ಸೇರಿಸು. ಏರಿಯಾ ಮ್ಯಾನೇಜರಿಗೆ ಬೇಕಾದದ್ದೂ ಬಂದಂತಾಯಿತು, ಯಾರ ಹೊಟ್ಟೆಯ ಮೇಲೂ ಹೊಡೆದಂತಾಗಲಿಲ್ಲ. ಹುಡುಗ ನಿಜಕ್ಕೂ ಒಳ್ಳೆಯ ಕೆಲಸಗಾರನಾಗಿದ್ದರೆ ಅದನ್ನೂ ಒಂದು ಸಾಲು ಬರೆ. ನಮ್ಮ ಕಡೆ ಒಳ್ಳೆಯದನ್ನು ಬರೆಯುವಾಗಲೇ ಪೆನ್ನಿನ ಮಸಿ ತೀರುತ್ತದೆ.

ಏರಿಯಾ ಮ್ಯಾನೇಜರು ಒಪ್ಪಲಿಲ್ಲವೆಂದರೆ, ನೀವು ಹೇಳಬೇಕೆನ್ನುವುದನ್ನು ಇಮೇಲಿನಲ್ಲಿ ಬರೆದು ಕಳಿಸಿರಿ ಸರ, ಅದನ್ನೇ ಮುಂದಕ್ಕೆ ಕಳಿಸುತ್ತೇನೆ ಎಂದು ವಿನಯದಿಂದ ಕೇಳು. ಅವರು ಬರೆಯುವುದಿಲ್ಲ. ಬರೆದು ಕೊಡಲು ಹಿಂಜರಿಯುವ ಮಾತನ್ನು ನಿನ್ನ ಬಾಯಿಂದ ಆಡಿಸುವುದು ಯಾಕೆ ಎಂದು ಆಗ ನಿನಗೇ ತಿಳಿಯುತ್ತದೆ. ಅದರಿಂದ ಅವರ ಮುಖ ಒಂದೆರಡು ವಾರ ಗಂಟಾಗಬಹುದು, ಇನ್ಸೆಂಟಿವ್ ವಿಷಯದಲ್ಲಿ ಸ್ವಲ್ಪ ಎಳೆದಾಡಬಹುದು. ಸಹಿಸಿಕೋ. ಇನ್ನೂ ಮದುವೆಯಾಗಿಲ್ಲ, ಸಾಲವಿಲ್ಲ, ನೆಟ್ಟಗೆ ನಿಲ್ಲಲು ಇದಕ್ಕಿಂತ ಒಳ್ಳೆಯ ವಯಸ್ಸು ಮತ್ತೆ ಬರುವುದಿಲ್ಲ.

ವಾಟ್ಸ್ಆ್ಯಪ್ ಗ್ರೂಪಿನ ವಿಷಯ. ಸಿಟ್ಟಿನಿಂದ ಹೊರಗೆ ಬರಬೇಡ. ಮುಂದಿನ ಸಲ ಯಾರದ್ದಾದರೂ ಫೋಟೋ ಬಿದ್ದರೆ ‘ಯಾಕ್ರಿ? ವಿಚಾರಣಿ ಆಗೇತೇನ್ರಿ? ಅಂವಗ ತಿಳಿಸೀರೇನ್ರಿ?’ ಎಂದು ಮೂರು ಪ್ರಶ್ನೆ ಹಾಕು. ಯಾರೂ ಉತ್ತರ ಕೊಡದಿದ್ದರೆ ಆಗ ಬಿಡು. ಆ ಗ್ರೂಪಿನಲ್ಲಿರುವ ಮ್ಯಾನೇಜರುಗಳೂ ಒಂದಲ್ಲ ಒಂದು ದಿನ ಕಂಪನಿ ಬದಲಿಸುವವರೇ, ಅವರ ಬಗ್ಗೆಯೂ ಇನ್ನೊಂದು ಗ್ರೂಪ್ ಇರುತ್ತದೆ.

ಬುಧವಾರದೊಳಗೆ ಹುಕ್ಕೇರಿಗೆ ಪತ್ರ ಕಳಿಸು. ಒಂದು ಪ್ರತಿಯನ್ನು ಹುಡುಗನ ಕೈಯಲ್ಲೇ ಕೊಡು, ಅವನ ಎದುರೇ ಓದು. ಹುಕ್ಕೇರಿಯವರು ಮತ್ತೆ ಫೋನ್ ಮಾಡಿ ‘ಅದ ಖರೆ, ಒಳಗಿನ ಮಾತೇನ್ರಿ?’ ಎಂದು ಕೇಳಿಯೇ ಕೇಳುತ್ತಾರೆ. ಬರೆದದ್ದು ಬಿಟ್ಟು ಬೇರೆ ಏನೂ ಇಲ್ಲ ಎಂದು ಹೇಳಿ ಇಟ್ಟುಬಿಡು.

ನಿನ್ನ ಕಾಕಾ